ಭಾನುವಾರದ ಸರದಿ

ಶಿರಸಿ ಸೀಮೆಯ ಅಡಿಕೆ ಬೆಳೆಗಾರರ ಮನೆಯ ಸಂಶೋಧನಾರ್ಥಿಯೊಬ್ಬರು ಕೊನೆಕೊಯ್ಲಿನ ಸಮಯಕ್ಕೆ ಊರಿಗೆ ಬಂದಿದ್ದಾಗ, ಅವರ ಆಯಿಯೇ (ತಾಯಿ) ಒತ್ತಾಯಿಸಿ ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕರೆತಂದರು. (ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.) ದೂರದ ನಗರದ ವಿಶ್ವವಿದ್ಯಾಲಯದ ಕಾಂಡಕೋಶ (ಬೇರೆ ಬಗೆಯ ಕೋಶಗಳಾಗಬಲ್ಲ ಮೂಲಕೋಶ) ಪ್ರಯೋಗಾಲಯದಲ್ಲಿ ಅವರದು ಪಿಎಚ್.ಡಿ.ಯ ಐದನೆಯ ವರ್ಷ. ಏಳು ವಾರಗಳಿಂದ ಸರಿಯಾಗಿ ನಿದ್ದೆಯಿಲ್ಲ, ಊಟ ಸೇರದು. ನಡುರಾತ್ರಿ ಎದ್ದು, ಇನ್‌ಕ್ಯುಬೇಟರ್ (ಕೋಶ ಬೆಳೆಸುವ ಪೆಟ್ಟಿಗೆ) ಕೆಟ್ಟಿದೆಯೆಂಬ ಸಂದೇಶವೇನಾದರೂ ಬಂದಿದೆಯೇ ಎಂದು ಮೊಬೈಲ್ ನೋಡುತ್ತಾರೆ.

ಮೊದಲ ಭೇಟಿಯಲ್ಲಿ ನಾನು ಎಡವಿದೆ. "ಹದಿನೈದು ದಿನ ಎಲ್ಲವನ್ನೂ ಮರೆತು ಮನೆಯಲ್ಲಿರಿ" ಎಂದುಬಿಟ್ಟೆ. ಅವರು ಸಿಟ್ಟಾಗದೆ ತಮ್ಮ ಕೆಲಸವನ್ನು ವಿವರಿಸಿದರು. 37 ಡಿಗ್ರಿ ಸೆಲ್ಸಿಯಸ್ ಶಾಖ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಬೆಳೆಯುವ ಮಾನವ ಕಾಂಡಕೋಶಗಳಿಗೆ ಸಾಮಾನ್ಯವಾಗಿ ದಿನವೂ ಮೀಡಿಯಾ (ಪೋಷಕ ದ್ರವ) ಬದಲಿಸಬೇಕು, ತಟ್ಟೆ ತುಂಬುವ ಮೊದಲೇ ಬಿಡಿಸಿ ಬೇರೆ ತಟ್ಟೆಗೆ ಹಾಕಬೇಕು. ಅಲಕ್ಷಿಸಿದರೆ ಅವು ಸಾಯದೆ ಉಳಿದರೂ ತಮ್ಮಷ್ಟಕ್ಕೆ ಬೇರೆ ಬಗೆಯ ಕೋಶಗಳಾಗಿ, ಯಾವ ಗುಣಕ್ಕಾಗಿ ಸಾಕಿದ್ದರೋ ಅದನ್ನೇ ಕಳೆದುಕೊಳ್ಳುತ್ತವೆ. ಕೊಟ್ಟಿಗೆಯ ಕೆಲಸ ಬಲ್ಲ ಆಯಿಗೆ ಇದು ನನಗಿಂತ ಬೇಗ ಅರ್ಥವಾಯಿತು.

ಪ್ರಯೋಗಾಲಯದಲ್ಲಿ ಐವರು ಸಂಶೋಧನಾರ್ಥಿಗಳಿದ್ದರೂ, ಹಾಸ್ಟೆಲ್ ಹತ್ತಿರವಿದೆ, ಮದುವೆಯಾಗಿಲ್ಲ ಎಂಬ ಎರಡೇ ಕಾರಣಕ್ಕೆ ಎಲ್ಲರ ತಟ್ಟೆಗಳ ಭಾನುವಾರದ ಆರೈಕೆ ಇವರ ಪಾಲಿಗೆ ಬಂದಿತ್ತು. ಹೀಗಿರುವಾಗ ಹಿರಿಯ ಸಹೋದ್ಯೋಗಿಯೊಬ್ಬರು ಹೊರಗಿನಿಂದ ತಂದ ಕೋಶಗಳನ್ನು ಪರೀಕ್ಷಿಸದೆ ಅದೇ ಇನ್‌ಕ್ಯುಬೇಟರಿನಲ್ಲಿ ಇಟ್ಟರು. ಕೆಲವು ತಿಂಗಳ ಬಳಿಕ ಮೈಕೋಪ್ಲಾಸ್ಮಾ ಎಂಬ ಅತಿ ಚಿಕ್ಕ ಬ್ಯಾಕ್ಟೀರಿಯಾದ ಸೋಂಕು ಪತ್ತೆಯಾಗಿ ಎಲ್ಲರ ಕೋಶಗಳನ್ನೂ ನಾಶಮಾಡಬೇಕಾಯಿತು. ಸ್ವಚ್ಛತೆಯ ರಿಜಿಸ್ಟರಿನಲ್ಲಿ ಇವರ ಸಹಿಯಿದ್ದುದರಿಂದ ಸಭೆಯಲ್ಲಿ ಬೆರಳು ಇವರತ್ತ ತಿರುಗಿತು. "ನಾನು ಗಮನಿಸಬೇಕಿತ್ತು" ಎಂಬ ಒಂದೇ ಮಾತನ್ನು ಅವರು ಹಲವು ಬಾರಿ ಹೇಳಿದರು.

ಎರಡನೆಯ ಭೇಟಿಯನ್ನು ಈ ಮಾತಿಗೇ ಮೀಸಲಿಟ್ಟೆ. ಸೋಂಕನ್ನು ಹೇಗೆ ಕಾಣಬಹುದಿತ್ತೆಂದು ಅವರಿಂದಲೇ ಬರೆಸಿದೆ. ಬರೆಯುತ್ತ ಅವರೇ ನಿಧಾನಿಸಿದರು: ಈ ಸೂಕ್ಷ್ಮಜೀವಿ ಬೇರೆ ಬ್ಯಾಕ್ಟೀರಿಯಾಗಳಂತೆ ಮೀಡಿಯಾವನ್ನು ಕದಡುವುದಿಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ, ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್‌ಗೂ ಜಗ್ಗುವುದಿಲ್ಲ, ಪತ್ತೆಗೆ ಪ್ರತ್ಯೇಕ ಪರೀಕ್ಷೆಯೇ ಬೇಕು. ಆ ಪರೀಕ್ಷೆಯ ಏರ್ಪಾಡು ಮಾಡುವ ಅಧಿಕಾರ ಯಾರಿಗಿತ್ತು ಎಂದು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿಯೇ ಕೇಳಿದೆ. "ಬೆಳಗ್ಗೆ ಏಳದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ" ಎಂದರು. ಇಂಥ ಮಾತನ್ನು ಬರಿಯ ಬೇಸರವೆಂದು ಬಿಡಬಾರದು; ಅದೇ ವಾರ ಮನೋವೈದ್ಯರನ್ನು ಕಾಣಲು ಏರ್ಪಾಡು ಮಾಡಿ, ಸಂಶೋಧನಾರ್ಥಿಯ ಅನುಮತಿಯಿಂದ ಆಯಿಗೂ ತಿಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳುವಂತೆ ಹೇಳಿದೆ.

ಅವಧಿ ಮುಗಿಯುವ ಭಯವನ್ನು ಪೂರ್ತಿ ಅಲ್ಲಗಳೆಯಲಾಗಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಪಿಎಚ್.ಡಿ.ಗೆ ಗರಿಷ್ಠ ಆರು ವರ್ಷ, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಮತ್ತೂ ಎರಡು ವರ್ಷಗಳ ರಿಯಾಯಿತಿಗೆ ಅವಕಾಶವಿದೆ. ಆದರೆ ಅವರ ಫೆಲೋಶಿಪ್ ಐದು ವರ್ಷಕ್ಕೇ ನಿಲ್ಲುತ್ತದೆ. ಆದ್ದರಿಂದ ಹಣದ ಮಾತನ್ನು ಮಾರ್ಗದರ್ಶಕರೊಂದಿಗೂ ಮನೆಯಲ್ಲೂ ಈಗಲೇ ಆಡಬೇಕೆಂದೆ. ಭಾನುವಾರದ ಸರದಿ ಐವರಿಗೂ ಹಂಚಿಕೆಯಾಗಬೇಕು, ಹೊರಗಿನ ಕೋಶಗಳು ಪರೀಕ್ಷೆಯಾಗುವವರೆಗೆ ಪ್ರತ್ಯೇಕವಾಗಿರಬೇಕು ಎಂಬೆರಡು ಕೋರಿಕೆಗಳನ್ನು ಬಾಯಿಮಾತಿನಲ್ಲಿ ಬಿಡದೆ ಇಮೇಲ್‌ನಲ್ಲಿ ಬರೆಯಲು ಸೂಚಿಸಿದೆ. ರಜೆಗೆ ಮುನ್ನ ಕೋಶಗಳನ್ನು ದ್ರವ ಸಾರಜನಕದಲ್ಲಿ ಶೈತ್ಯೀಕರಿಸಿ ಇಡಬಹುದೆಂಬುದನ್ನು ನೆನಪಿಸಿಕೊಂಡವರು ಅವರೇ.

ಮೂರನೆಯ ಭೇಟಿಗೆ ಬಂದಾಗ ಔಷಧದಿಂದ ನಿದ್ದೆ ಐದು ಗಂಟೆಗೇರಿತ್ತು. ಸರದಿಪಟ್ಟಿಗೆ ಮಾರ್ಗದರ್ಶಕರು ಒಪ್ಪಿದ್ದರು. ಪರೀಕ್ಷೆಯ ವಿಷಯಕ್ಕೆ ಉತ್ತರ ಬಂದಿರಲಿಲ್ಲ. ಅದನ್ನು ಮತ್ತೊಮ್ಮೆ ಬರೆದು ಕೇಳುವುದಾಗಿ ಹೇಳಿ, ಮುಂದಿನ ಭೇಟಿಯನ್ನು ಫೋನಿನಲ್ಲಿ ಗೊತ್ತುಮಾಡಿಕೊಂಡರು. ದಿನ ಭಾನುವಾರವೇ ಇರಲಿ ಎಂದರು.