ತೊಳೆಯುವ ಮೊದಲು ಒಳಗೆ ಬೆರಳಾಡಿಸಿ ನೋಡಿ

ಮೇಡಂ, ಫೋಟೋ ಎಲ್ಲಾ ನೋಡಿದೆ. ಮಲ್ಲೇಶ್ವರದ ಅಜ್ಜಿ ಮನೆ ಖಾಲಿ ಮಾಡುವಾಗ ಸಿಕ್ಕಿದ ಹಳೆ ಗಾಜಿನ ಸಾಮಾನು ಅಂತ ಬರೆದಿದ್ದೀರಿ. ಬಿರಡೆ ಇರುವ ಒಂದು ಸೀಸೆ, ಕಾಲಿರುವ ಕೇಕ್ ತಟ್ಟೆ, ಕಿಟಕಿ ಮೇಲಿದ್ದು ತೆಳು ನೇರಳೆಗೆ ತಿರುಗಿದ ಎರಡು ಪುಟ್ಟ ಬಟ್ಟಲು, ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಆರು ಲೋಟ. ಯಾವುದು ಊದಿದ್ದು, ಯಾವುದು ಅಚ್ಚಿನದು, ಹೇಗೆ ತೊಳೆಯೋದು, ಮ್ಯೂಸಿಯಂಗೆ ಕೊಡಬಹುದಾ ಅಂತ ನಿಮ್ಮ ಪ್ರಶ್ನೆ. ಮೇಲಿನ ಕಾಮೆಂಟಿನಲ್ಲಿ ಒಬ್ಬರು ಬಿಸಿನೀರಲ್ಲಿ ನೆನೆಸಿ ಪಾತ್ರೆ ಪುಡಿ ಹಾಕಿ ಉಜ್ಜಿ ಅಂದಿದ್ದಾರೆ. ದಯವಿಟ್ಟು ಬೇಡ. ಇವತ್ತಿಗೆ ಏನೂ ತೊಳೆಯಲೇಬೇಡಿ.

ನಾನು ಪರಿಣತ ಅಲ್ಲ. ಎರಡು ವರ್ಷ ಶನಿವಾರಗಳಲ್ಲಿ ಒಂದು ಮ್ಯೂಸಿಯಂನ ಗಾಜಿನ ಸಾಮಾನು ಪಟ್ಟಿ ಮಾಡೋಕೆ ಹೋಗುತ್ತಿದ್ದೆ, ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಸಂಡೇ ಬಜಾರಿನಲ್ಲಿ ಅಲೆಯೋ ಚಟ ಇದೆ, ಅಷ್ಟೇ. ಅಲ್ಲಿ ಕಲಿತ ಮೊದಲ ಪಾಠ ಅಂದರೆ ಗಾಜಿನ ವಿಷಯದಲ್ಲಿ ಕಣ್ಣು ಬೇಗ ಮೋಸ ಹೋಗುತ್ತದೆ, ಬೆರಳು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಕೈ ತೊಳೆದು, ಉಂಗುರ ಬಿಚ್ಚಿಟ್ಟು, ಟೇಬಲ್ ಮೇಲೆ ದಪ್ಪ ಟವೆಲ್ ಹಾಸಿಕೊಂಡು ಕೂತುಕೊಳ್ಳಿ. ಹತ್ತಿಯ ಕೈಗವಸು ಹಾಕಬೇಡಿ, ಗಾಜು ಜಾರುತ್ತದೆ.

ಈಗ ಪ್ರತಿಯೊಂದರ ಒಳಗೂ ಹೊರಗೂ ಬೆರಳಾಡಿಸಿ. ಹೊರಗೆ ಡಿಸೈನು ಉಬ್ಬಿದ್ದು, ಒಳಗೆ ಪೂರ್ತಿ ನುಣ್ಣಗಿದ್ದರೆ ಅದು ಅಚ್ಚಿನಲ್ಲಿ ಒತ್ತಿದ್ದು. ಹೊರಗೆ ಉಬ್ಬಿದ ಕಡೆ ಒಳಗೆ ತಗ್ಗು, ಹೊರಗೆ ತಗ್ಗಿದ ಕಡೆ ಒಳಗೆ ಉಬ್ಬು ಸಿಕ್ಕರೆ ಅದು ಅಚ್ಚಿನೊಳಗೆ ಊದಿದ್ದು. ಅಚ್ಚಿನ ತುಂಡುಗಳು ಕೂಡುವ ಕಡೆ ಬೀಳುವ ಗೆರೆ ಎಲ್ಲೂ ಇಲ್ಲದೆ, ತಳದ ಮಧ್ಯೆ ಒರಟು ಗುರುತು ಸಿಕ್ಕರೆ ಅಚ್ಚಿಲ್ಲದೆ ಕೈಯಲ್ಲೇ ಊದಿದ್ದು. ಆ ಗುರುತು ಎಲ್ಲಿಂದ ಬಂತು ಅಂದರೆ, ಕೊಳವೆಯಿಂದ ಊದಿದ ಮೇಲೆ ಬಾಯಿ ಸರಿ ಮಾಡಬೇಕಲ್ಲ, ಆಗ ತಳಕ್ಕೆ ಇನ್ನೊಂದು ಕಬ್ಬಿಣದ ಸರಳು ಅಂಟಿಸಿ ಹಿಡಿಯುತ್ತಾರೆ. ಅದಕ್ಕೆ ಪಾಂಟಿಲ್ ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ತಟ್ಟಿ ಮುರಿದು ಬಿಡಿಸುತ್ತಾರೆ, ಗಾಯ ಉಳಿಯುತ್ತದೆ. ಒಳ್ಳೆ ಸಾಮಾನಾಗಿದ್ದರೆ ಅದನ್ನು ಸಾಣೆ ಹಿಡಿದಿರುತ್ತಾರೆ, ಆಗ ನಾಣ್ಯದಗಲದ ನುಣ್ಣನೆಯ ತಗ್ಗು ಸಿಗುತ್ತದೆ.

ಒತ್ತಿದ ಗಾಜು ಅಂದರೆ ನಮ್ಮ ಚಕ್ಕುಲಿ ಒರಳಿನ ದೂರದ ಸಂಬಂಧಿ ಅಂದುಕೊಳ್ಳಿ. ಅಚ್ಚಿಗೆ ಕರಗಿದ ಗಾಜಿನ ಮುದ್ದೆ ಬಿಟ್ಟು, ಕತ್ತರಿಯಿಂದ ಕತ್ತರಿಸಿ, ಮೇಲಿನಿಂದ ಕಬ್ಬಿಣದ ಗೂಟ ಒತ್ತುತ್ತಾರೆ. ಗೂಟ ತಾಗಿದ್ದರಿಂದ ಒಳಗೆ ನುಣುಪು. ಆ ಗೂಟ ಮತ್ತೆ ಮೇಲಕ್ಕೆ ಬರಬೇಕು ಅಲ್ವಾ? ಅದಕ್ಕೇ ಹೊಟ್ಟೆ ದಪ್ಪ, ಬಾಯಿ ಸಣ್ಣ ಇರುವ ಪಾತ್ರೆಯನ್ನು ಬರೀ ಒತ್ತಿ ಮಾಡೋಕೆ ಆಗುವುದಿಲ್ಲ. ಒತ್ತಿದ ಮೇಲೆ ಬಿಸಿ ಇರುವಾಗಲೇ ಬಾಯಿ ಬಗ್ಗಿಸಿರಬಹುದು, ಇಲ್ಲವೇ ಊದಿರಬೇಕು. ನಿಮ್ಮ ಬಿರಡೆ ಸೀಸೆಯ ವಿಷಯ ಇಲ್ಲೇ ಮುಗಿಯಿತು. ಅದು ಊದಿದ್ದೇ. ಕೈಯಲ್ಲಾ ಅಚ್ಚಿನಲ್ಲಾ ಅನ್ನೋದಷ್ಟೇ ಉಳಿದ ಪ್ರಶ್ನೆ. ಪಕ್ಕದಲ್ಲಿ ಮೇಲಿಂದ ಕೆಳಕ್ಕೆ ಗೆರೆ ಇದೆಯಾ ನೋಡಿ. ಗೆರೆ ಬಾಯಿಯ ಅಂಚನ್ನೂ ದಾಟಿ ಹೋಗಿದ್ದರೆ ಸಾಮಾನ್ಯವಾಗಿ ಯಂತ್ರದ್ದು. ಸೀಸೆ ಮಾಡುವ ಯಂತ್ರ ಅಮೆರಿಕದ ಮೈಕೆಲ್ ಓವೆನ್ಸ್ ಕೈಯಲ್ಲಿ 1903ರ ಹೊತ್ತಿಗೆ ಬಂದಿದ್ದು, ಹಾಗಾಗಿ ಅಂಥದ್ದಕ್ಕೆ ಇನ್ನೂರು ವರ್ಷ ಹಳೆಯದು ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಕೇಕ್ ತಟ್ಟೆ ನನಗೆ ತುಂಬಾ ಇಷ್ಟವಾಯಿತು. ಕಟ್ ಗ್ಲಾಸ್ ಇರಬೇಕು ಅಂತ ನಿಮ್ಮ ಅಣ್ಣ ಅಂದಿದ್ದಾರೆ. ತಟ್ಟೆಯ ಡಿಸೈನಿನಲ್ಲಿರುವ ನಕ್ಷತ್ರದ ಮೂಲೆಗಳ ಮೇಲೆ ಬೆರಳಿಡಿ. ಚಕ್ರದ ಮೇಲೆ ಕೊರೆದದ್ದಾದರೆ ಮೂಲೆ ಚುರುಕಾಗಿ ಚುಚ್ಚುವಂತಿರುತ್ತದೆ, ಅಚ್ಚಿನದಾದರೆ ಬಾಯಲ್ಲಿಟ್ಟು ಚೀಪಿದ ಕಲ್ಲುಸಕ್ಕರೆ ಥರ ದುಂಡಗಿರುತ್ತದೆ. ಫೋಟೋದಲ್ಲಿ ಕಾಲಿನ ಮೇಲೆ ಗೆರೆ ಕಾಣುತ್ತಿದೆ, ನನ್ನ ಪ್ರಕಾರ ಅಚ್ಚಿನದೇ. ಬೇಜಾರು ಮಾಡಿಕೊಳ್ಳಬೇಡಿ. ಅಚ್ಚಿನದು ಅಂದ ಕೂಡಲೇ ಮುಖ ಸಣ್ಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶ್ರೀಮಂತರ ಮೇಜಿನ ಕೊರೆದ ಗಾಜಿನ ಅಂದವನ್ನು ಮಾಮೂಲಿ ಮನೆಗಳಿಗೆ ತಂದುಕೊಟ್ಟಿದ್ದು ಇದೇ ಅಚ್ಚು. 1820ರ ದಶಕದಲ್ಲಿ ಅಮೆರಿಕದಲ್ಲಿ ಈ ಕೆಲಸ ಜೋರಾಗಿ ಶುರುವಾಯಿತು. ಮ್ಯಾಸಚೂಸೆಟ್ಸ್‌ನ ಸ್ಯಾಂಡ್‌ವಿಚ್ ಊರಿನ ಕಾರ್ಖಾನೆ 1825ರದ್ದು. ಆಗ ಒತ್ತಿದ ಗಾಜಿನ ಮೈ ಮೇಲೆ ಸುಕ್ಕು, ಕತ್ತರಿ ಗುರುತು ಉಳಿಯುತ್ತಿತ್ತಂತೆ. ಅದನ್ನು ಮುಚ್ಚೋಕೆ ಮೈತುಂಬಾ ಸಣ್ಣ ಸಣ್ಣ ಚುಕ್ಕಿ ತುಂಬಿಸಿದರು, ದೂರದಿಂದ ಲೇಸ್ ಬಟ್ಟೆ ಥರ ಕಾಣುತ್ತದೆ. ಕೊರತೆ ಮುಚ್ಚೋಕೆ ಮಾಡಿದ ಚುಕ್ಕಿಗಳೇ ಈಗ ಮ್ಯೂಸಿಯಂನಲ್ಲಿ ಲೈಟ್ ಹಾಕಿಸಿಕೊಂಡು ಕೂತಿವೆ! ಆಮೇಲೆ 1864ರಲ್ಲಿ ಅಮೆರಿಕದ್ದೇ ವೀಲಿಂಗ್ ಎಂಬ ಊರಿನಲ್ಲಿ ವಿಲಿಯಂ ಲೈಟನ್ ಸೀಸವೇ (ಲೆಡ್) ಬೇಡದ, ಸೋಡಾ ಮತ್ತು ಸುಣ್ಣದ ಒಳ್ಳೆ ಗಾಜು ಮಾಡಿದ ಮೇಲಂತೂ ಅಚ್ಚಿನ ಸಾಮಾನು ಇನ್ನೂ ಅಗ್ಗವಾಯಿತು.

ನಿಮ್ಮದು ಅಮೆರಿಕದ್ದು ಅಂತ ನಾನು ಹೇಳುತ್ತಿಲ್ಲ. ತಟ್ಟೆಯನ್ನು ಬೋರಲು ಮಾಡಿ, ಟಾರ್ಚನ್ನು ಪಕ್ಕದಿಂದ ಬಿಟ್ಟು ಗುರುತು ಹುಡುಕಿ. ಸಣ್ಣ ವಜ್ರಾಕಾರದ ಗುರುತು ಇದ್ದರೆ ಡಿಸೈನು ಬ್ರಿಟನ್ನಿನಲ್ಲಿ 1842ರಿಂದ 1883ರೊಳಗೆ ನೋಂದಣಿ ಆಗಿದ್ದು, ಆರ್‌ಡಿ ಅಂತ ಇಂಗ್ಲಿಷ್ ಅಕ್ಷರದ ಮುಂದೆ ನಂಬರ್ ಇದ್ದರೆ 1884ರಿಂದ ಈಚಿನದು. ನವಿಲಿನ ತಲೆ ಕಂಡರೆ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನ ಸೋವರ್ಬಿ ಗಾಜಿನ ಕಾರ್ಖಾನೆಯವರದ್ದು. ಏನೂ ಇಲ್ಲದಿದ್ದರೆ ಬಿಡಿ, ಗುರುತಿಲ್ಲದ ಹಳೆ ಗಾಜೇ ಜಾಸ್ತಿ.

ನೇರಳೆ ಬಟ್ಟಲು ಬಿಸಿಲಿನ ಆಟ. ಮರಳಿನಲ್ಲಿರುವ ಕಬ್ಬಿಣದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ, ಅದನ್ನು ಹೋಗಲಾಡಿಸೋಕೆ ಮ್ಯಾಂಗನೀಸ್ ಹಾಕುತ್ತಿದ್ದರು. ವರ್ಷಗಟ್ಟಲೆ ಬಿಸಿಲು ಬಿದ್ದರೆ ಅದೇ ಮ್ಯಾಂಗನೀಸ್ ನೇರಳೆಗೆ ತಿರುಗುತ್ತದೆ. ತೆಳು ಬಣ್ಣ ಇದ್ದರೆ ಸರಿ. ಮಾರ್ಕೆಟ್ಟಿನಲ್ಲಿ ಕಡು ನೇರಳೆ ತೋರಿಸಿ ಬಿಸಿಲಿಗೆ ಹೀಗಾಗಿದೆ ಅಂದರೆ ಅನುಮಾನ ಪಡಿ, ಬೇಕಂತಲೇ ವಿಕಿರಣ ಹಾಯಿಸಿ ಬಣ್ಣ ಬರಿಸುವವರಿದ್ದಾರೆ.

ಇನ್ನು ಕಿತ್ತಳೆ ಲೋಟ. ತಳದಲ್ಲಿ ಇಂಗ್ಲಿಷಿನಲ್ಲಿ ‘ಜೈನ್’ ಅಂತಿದೆ, ಒಳಗೂ ಅಲೆ ಅಲೆ ಸಿಗುತ್ತದೆ ಅಂದಿರಿ. ಇದು ವಿದೇಶದ್ದಲ್ಲ, ಬಳೆಗೆ ಹೆಸರಾದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್‌ನದ್ದು, ಅಚ್ಚಿನೊಳಗೆ ಊದಿದ್ದು. ಕಾರ್ನಿವಲ್ ಗ್ಲಾಸ್ ಅನ್ನುತ್ತಾರೆ. ಬಿಸಿ ಗಾಜಿನ ಮೇಲೆ ಲೋಹದ ಲವಣ ಸಿಂಪಡಿಸಿದಾಗ ಹಾಗೆ ಎಣ್ಣೆ ಬಿದ್ದ ನೀರಿನ ಹೊಳಪು ಬರುತ್ತದೆ. ವಿದೇಶದಲ್ಲಿ ಇದನ್ನೇ ಹುಡುಕಿಕೊಂಡು ಕೊಳ್ಳುವ ಸಂಗ್ರಹಕಾರರಿದ್ದಾರೆ. ಇಲ್ಲಿ ನಾವು ದೇವರ ಮನೆಯಲ್ಲಿ ಊದುಬತ್ತಿ ಸಿಗಿಸೋಕೆ ಇಟ್ಟುಕೊಂಡಿರುತ್ತೇವೆ.

ತೊಳೆಯುವ ವಿಷಯ. ನನ್ನ ಕಥೆ ಹೇಳಿಬಿಡುತ್ತೇನೆ. ಒಂದು ಡಿಸೆಂಬರ್ ಬೆಳಿಗ್ಗೆ, ಬೆಂಗಳೂರಿನ ಚಳಿ ಗೊತ್ತಲ್ಲ, ಕಪಾಟಿನಿಂದ ತೆಗೆದ ದಪ್ಪ ಅಚ್ಚಿನ ಬಟ್ಟಲನ್ನು ನೇರ ಗೀಸರ್ ನೀರಿಗೆ ಹಿಡಿದೆ. ಟಿಕ್ ಅಂತ ಒಂದೇ ಸದ್ದು. ಕಾಲಿನಿಂದ ಅಂಚಿನವರೆಗೂ ಬಿರುಕು. ಅಚ್ಚಿನ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬಿಸಿ ಸಮವಾಗಿ ಹರಡುವುದಿಲ್ಲ, ಒಂದು ಭಾಗ ಹಿಗ್ಗಿ ಇನ್ನೊಂದು ಹಾಗೇ ಉಳಿದರೆ ಸೀಳುತ್ತದೆ. ಆದ್ದರಿಂದ ಸಾಮಾನು ಒಂದೆರಡು ಗಂಟೆ ರೂಮಿನಲ್ಲೇ ಇರಲಿ, ನೀರು ಕೈಗೆ ಬೆಚ್ಚಗೂ ತಣ್ಣಗೂ ಅನ್ನಿಸದಷ್ಟಿರಲಿ. ಸಿಂಕು ಬೇಡ, ನಲ್ಲಿಗೆ ತಾಗುತ್ತದೆ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಕಿ, ಒಂದು ಸಲಕ್ಕೆ ಒಂದೇ ಸಾಮಾನು, ಸೌಮ್ಯವಾದ ಸೋಪಿನ ದ್ರವ ಎರಡು ಹನಿ, ಮೆತ್ತನೆಯ ಬಟ್ಟೆ. ಅಂಚಿನಲ್ಲಾಗಲೀ ಹಿಡಿಯಲ್ಲಾಗಲೀ ಎತ್ತಬೇಡಿ, ಒಂದು ಕೈ ತಳಕ್ಕೆ, ಒಂದು ಕೈ ಮೈಗೆ. ಅಜ್ಜಿಯಂದಿರು ಲಾಟೀನಿನ ಗಾಜಿಗೆ ಬೂದಿ ಹಚ್ಚಿ ಒರೆಸುತ್ತಿದ್ದರು ನಿಜ, ಆದರೆ ಬೂದಿಯಲ್ಲಿ ಮರಳಿನ ಕಣ ಇದ್ದರೆ ಗೀಚುತ್ತದೆ. ಲೋಟಗಳ ಹೊಳಪಿನ ಮೇಲೆ ಉಜ್ಜಲೇಬೇಡಿ. ಚಿನ್ನದ ಗೆರೆ, ಬಣ್ಣದ ಹೂವು, ಹಳೆ ಅಂಟು ಇದ್ದ ಯಾವುದನ್ನೂ ನೀರಿಗೆ ಹಾಕಬೇಡಿ, ಒಣ ಬ್ರಷ್ ಸಾಕು.

ಸೀಸೆಯೊಳಗಿನ ಬಿಳಿ ಮಂಕು ಎರಡು ಥರ ಇರಬಹುದು. ಬೋರ್‌ವೆಲ್ ನೀರಿನ ಸುಣ್ಣವಾದರೆ ನೀರಿಗೆ ಸ್ವಲ್ಪ ವಿನಿಗರ್ ಬೆರೆಸಿ ಅರ್ಧ ಗಂಟೆ ಬಿಟ್ಟರೆ ಕರಗುತ್ತದೆ. ಕರಗಲಿಲ್ಲ ಅಂದರೆ ಗಾಜೇ ಸವೆದಿದೆ, ಒಳಗಿನ ಕ್ಷಾರ ನೀರಿಗೆ ಬಿಟ್ಟುಹೋಗಿ ಮೈ ಹಾಳಾಗಿದೆ. ಅದು ತೊಳೆದರೆ ಹೋಗುವುದಿಲ್ಲ, ಸುಮ್ನೆ ಉಜ್ಜಿ ಜಾಸ್ತಿ ಮಾಡಬೇಡಿ. ಕೊನೆಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಜಾಲಿಸಿ. ಪೂರ್ತಿ ಒಣಗಿದ ಮೇಲೆ ಬಿರಡೆಯನ್ನು ಬೇರೆಯೇ ಇಡಿ. ಸೀಸೆ ತೂಕವಾಗಿದ್ದು, ಮೆಲ್ಲಗೆ ತಟ್ಟಿದರೆ ಗಂಟೆಯ ಹಾಗೆ ಉದ್ದಕ್ಕೆ ನಾದ ಬಂದರೆ ಸೀಸ ಬೆರೆಸಿದ ಗಾಜಿರಬಹುದು. ಸೀಸದ ಸೀಸೆಯಲ್ಲಿ ನಿಂಬೆ ಶರಬತ್ತು, ಉಪ್ಪಿನಕಾಯಿ, ವೈನ್ ಏನನ್ನೂ ಇಡಬೇಡಿ, ಹುಳಿಗೆ ಸೀಸ ಬಿಡುತ್ತದೆ.

ಮ್ಯೂಸಿಯಂಗೆ ಕೊಡುವುದಾದರೆ ಗಾಜಿಗಿಂತ ಮೊದಲು ಕಥೆ ಸಿದ್ಧ ಮಾಡಿ. ನಾವು ಪಟ್ಟಿ ಮಾಡುವಾಗ ಎಷ್ಟೋ ಚೆಂದದ ಸಾಮಾನಿನ ಮುಂದೆ ‘ಎಲ್ಲಿಂದ ಬಂತು’ ಅನ್ನೋ ಕಾಲಂ ಖಾಲಿ ಬಿಟ್ಟಿದ್ದೇವೆ, ಈಗಲೂ ಹೊಟ್ಟೆ ಉರಿಯುತ್ತದೆ. ಕೇಕ್ ತಟ್ಟೆ ಕಂಟೋನ್ಮೆಂಟಿನ ಅಂಗಡಿಯದಾ, ಮದುವೆಗೆ ಬಂದಿದ್ದಾ, ಅಜ್ಜಿ ಅದರಲ್ಲಿ ಕೇಕ್ ಇಟ್ಟಿದ್ದರಾ ಇಲ್ಲಾ ಗೌರಿ ಹಬ್ಬಕ್ಕೆ ಹಣ್ಣು ಇಟ್ಟಿದ್ದರಾ, ನಿಮ್ಮ ದೊಡ್ಡಮ್ಮನನ್ನು ಕೇಳಿ ಈ ವಾರವೇ ಬರೆದಿಟ್ಟುಕೊಳ್ಳಿ. ಗಾಜಿನ ಮೇಲೆ ಸೆಲ್ಲೋಟೇಪ್ ಅಂಟಿಸಬೇಡಿ. ಚೀಟಿಗೆ ಪೆನ್ಸಿಲ್ಲಿನಲ್ಲಿ ನಂಬರ್ ಬರೆದು ದಾರದಲ್ಲಿ ಕಟ್ಟಿ. ಸುತ್ತೋಕೆ ನ್ಯೂಸ್ ಪೇಪರ್ ಬೇಡ, ಬಿಳಿ ಟಿಶ್ಯೂ ಪೇಪರ್ ತನ್ನಿ, ಲೋಟದೊಳಗೆ ಲೋಟ ಇಡಬೇಡಿ.

ಸದ್ಯಕ್ಕೆ ಕೇಕ್ ತಟ್ಟೆಯ ತಳದ ಫೋಟೋ ಒಂದು ಹಾಕಿ, ಕೆಳಗೆ ಕಪ್ಪು ಬಟ್ಟೆ ಹಾಸಿ, ಫ್ಲ್ಯಾಶ್ ಆಫ್ ಮಾಡಿ, ಟಾರ್ಚ್ ಪಕ್ಕದಿಂದ. ತಳದ ಅಂಚಿನ ಗೀರುಗಳೂ ಕಾಣಲಿ. ದಶಕಗಟ್ಟಲೆ ಮೇಜಿನ ಮೇಲೆ ಸರಿದಾಡಿದ್ದಾದರೆ ಗೀರು ಅಡ್ಡಾದಿಡ್ಡಿ ಇರುತ್ತವೆ, ಸ್ಯಾಂಡ್‌ಪೇಪರ್ ಹಾಕಿ ಹಳೆಯದು ಮಾಡಿದ್ದಾದರೆ ಎಲ್ಲಾ ಒಂದೇ ದಿಕ್ಕಿಗೆ ಹೋಗಿರುತ್ತವೆ. ಫೋಟೋ ನೋಡಿ ಹೇಳುತ್ತೇನೆ.