ಹತ್ತು ದಿನದ ಮೌನ

ನಾನು ಆಪ್ತಸಮಾಲೋಚಕಿ. ನನ್ನ ಸಲಹೆ ಕೇಳಿ ಬಂದ ಧರ್ಮಗುರುವೊಬ್ಬರು ತಮ್ಮ ಪ್ರಕರಣವನ್ನು ಬರೆಯಲು ಒಪ್ಪಿಗೆ ಕೊಟ್ಟು ಎಂಟು ತಿಂಗಳಾಯಿತು. ಮುಂದೂಡಿದವಳು ನಾನು. ನಾನು ಕೊಟ್ಟ ಸಲಹೆಯನ್ನು ನನ್ನ ಸಹೋದ್ಯೋಗಿಗಳೇ ಒಪ್ಪಲಿಲ್ಲ. ಆದರೆ ಇದೇ ಬಗೆಯ ಸಂಕಟ ಹೊತ್ತ ಮೂರನೆಯ ಧರ್ಮಗುರು ಕಳೆದ ತಿಂಗಳು ಕರೆ ಮಾಡಿದಾಗ ಬರೆದುಬಿಡುವುದೇ ಸರಿ ಎನ್ನಿಸಿತು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಅವರು ನಮ್ಮ ಕರಾವಳಿಯ ಕಥೋಲಿಕ ಗುರು. ಸೇವೆ ಅಮೆರಿಕದ ಈಶಾನ್ಯ ಭಾಗದ ಒಂದು ಪಟ್ಟಣದಲ್ಲಿ; ಉಕ್ಕಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಜನ ಕರಗಿಹೋದ ಊರು. ನಮ್ಮ ಕಡೆ ಧರ್ಮಕೇಂದ್ರಗಳು, ಅಂದರೆ ಒಬ್ಬ ಗುರುವಿನ ಸುಪರ್ದಿನ ಭಕ್ತ ಸಮುದಾಯಗಳು (ಪ್ಯಾರಿಷ್), ಬೆಳೆದು ಒಡೆಯುತ್ತವೆ. ಬಿಷಪ್ಪರ ಆಡಳಿತಕ್ಕೆ ಸೇರಿದ ಇಡೀ ಧರ್ಮಕ್ಷೇತ್ರವೇ ಒಡೆಯುವುದುಂಟು; ಮಂಗಳೂರು ಧರ್ಮಕ್ಷೇತ್ರದಿಂದಲೇ 2012ರಲ್ಲಿ ಉಡುಪಿ ಬೇರೆಯಾಯಿತು. ಅಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಪಿಟ್ಸ್‌ಬರ್ಗ್ ಧರ್ಮಕ್ಷೇತ್ರವೊಂದರಲ್ಲೇ 188 ಧರ್ಮಕೇಂದ್ರಗಳನ್ನು 57 ಗುಂಪುಗಳಿಗೆ ಇಳಿಸುವ ಯೋಜನೆ 2018ರಲ್ಲಿ ಪ್ರಕಟವಾಯಿತು. ಗುರುಗಳು ಕಡಿಮೆ, ಪೂಜೆಗೆ ಬರುವವರು ಕಡಿಮೆ, ಚಾವಣಿಗಳೋ ಸೋರುತ್ತವೆ. ನೂರು ವರ್ಷಗಳ ಹಿಂದೆ ಪೋಲೆಂಡಿನವರು, ಸ್ಲೊವಾಕರು, ಇಟಲಿಯವರು, ಐರಿಷರು ತಂತಮ್ಮ ಭಾಷೆಯಲ್ಲಿ ಪ್ರವಚನ ಕೇಳಲು, ಪಾಪನಿವೇದನೆ ಮಾಡಲು ಕೂಗಳತೆಯಲ್ಲಿ ಒಂದೊಂದು ಚರ್ಚ್ ಕಟ್ಟಿಕೊಂಡಿದ್ದರು. ಅಂಥ ನಾಲ್ಕನ್ನು ಕೂಡಿಸಿದ ಹೊಸ ಧರ್ಮಕೇಂದ್ರ ಇವರ ಪಾಲಿಗೆ ಬಂದಿತ್ತು.

ಮನೆ ಒಡೆಯುವುದಕ್ಕೆ ನಮ್ಮಲ್ಲಿ ಕಟ್ಟಳೆಗಳಿವೆ. ಹಿರಿಯರು ಕೂರುತ್ತಾರೆ, ಹಂಡೆ ಯಾರಿಗೆ, ತೋಟ ಯಾರಿಗೆ ಎಂದು ತೀರ್ಮಾನವಾಗುತ್ತದೆ. ನಾಲ್ಕು ಮನೆಗಳನ್ನು ಒಂದು ಮಾಡುವುದಕ್ಕೆ ಅಂಥದ್ದೇನೂ ಇದ್ದಂತೆ ನಾನು ಕಾಣೆ.

ಪರದೆಯ ಮೇಲೆ ನಡೆದ ಮೊದಲ ನಾಲ್ಕು ಭೇಟಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನನಗೆ ಬೆಳಗಿನ ಆರೂವರೆ, ಅವರಿಗೆ ರಾತ್ರಿ ಒಂಬತ್ತು. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಪೂಜೆಯ ನಡುವೆ ಮಾತು ಮರೆತುಹೋಗುತ್ತದೆ ಎನ್ನುತ್ತಿದ್ದರು. ತಮ್ಮ ಉಚ್ಚಾರಣೆ ಜನರಿಗೆ ಹಿಡಿಸುವುದಿಲ್ಲ ಎಂದು ದೂರುತ್ತಿದ್ದರು. ಊರಿನ ಹಳೆಯ ಮನೆಯನ್ನು ತಮ್ಮಂದಿರು ಮಾರಿದ್ದು ಮಾತಿನ ನಡುವೆ ಬಂದಿದ್ದೇ ತಡ, ನಾನು ಅದನ್ನು ಹಿಡಿದುಕೊಂಡೆ. ಮುಚ್ಚಿದ ಚರ್ಚು, ಮಾರಿದ ಮನೆ, ಹೊಂದಿಸಲು ಎಷ್ಟು ಸುಲಭ! ಎರಡು ಭೇಟಿ ಅದರ ಬೆನ್ನು ಹತ್ತಿದೆ. ಕೊನೆಗೆ ಅವರೇ, “ಮೇಡಂ, ಆ ಮನೆಯಲ್ಲಿ ಗೆದ್ದಲು ತುಂಬಿತ್ತು. ಮಾರಿದ್ದು ನನಗೆ ಸಮಾಧಾನವೇ” ಎಂದರು.

ಐದನೆಯ ಭೇಟಿಯಲ್ಲಿ ಅವರು ನನಗೆ ಪಾಠ ಹೇಳುತ್ತಿದ್ದರು. ನಾನು ಕ್ರೈಸ್ತಳಲ್ಲ, ಹೇಳಿಸಿಕೊಳ್ಳಬೇಕಾಗಿತ್ತು. ಧರ್ಮಕೇಂದ್ರವನ್ನು ಸೇರಿಸುವುದು ಬೇರೆ, ಚರ್ಚನ್ನು ಮುಚ್ಚುವುದು ಬೇರೆ. ಧರ್ಮಕೇಂದ್ರವೆಂದರೆ ಜನ, ಅವರ ಗುರು, ಅವರ ಆಸ್ತಿ, ಅವರ ಸಾಲ. ಅದನ್ನು ಬೆಸೆಯಲು ಬಿಷಪ್ಪರ ಒಂದು ಆಜ್ಞಾಪತ್ರ. ಕಟ್ಟಡವನ್ನು ಪೂಜೆಯಿಂದ ಬಿಡಿಸಿ ಲೌಕಿಕ ಬಳಕೆಗೆ ಒಪ್ಪಿಸಲು ಇನ್ನೊಂದು ಆಜ್ಞಾಪತ್ರ; ಅದಕ್ಕೆ ಗುರುತರ ಕಾರಣ ಬೇಕು. ಎರಡಕ್ಕೂ ಮೊದಲು ಬಿಷಪ್ಪರು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಬೇಕು. ಧರ್ಮಕೇಂದ್ರಕ್ಕೆ ಹೊಸ ಹೆಸರು ಬಂದರೂ ಚರ್ಚಿಗೆ ಇಟ್ಟ ಸಂತನ ಹೆಸರು ಹಾಗೆಯೇ ಉಳಿಯುತ್ತದೆ. ಆ ದಿನ ಅವರ ದನಿಯಲ್ಲಿ ಮೊದಲ ಬಾರಿಗೆ ಉತ್ಸಾಹವಿತ್ತು.

“ಜನರಿಗೆ ಒಪ್ಪಿಗೆಯಾಗದಿದ್ದರೆ ಎಲ್ಲಿಗೆ ಹೋಗಬಹುದು, ಫಾದರ್?” ಎಂದು ಕೇಳಿದೆ. ತಿಳಿಯಲೆಂದು ಕೇಳಿದ್ದೇ ಹೊರತು ಅದರಲ್ಲಿ ಯಾವ ಜಾಣತನವೂ ಇರಲಿಲ್ಲ.

ಪಾಠ ನಿಂತಿತು. ಪರದೆ ಸ್ತಬ್ಧವಾಯಿತೇನೋ ಎಂದು ನೋಡಿದೆ.

“ಹೋಗಬಹುದಿತ್ತು” ಎಂದರು.

ನಾನು ಕೇಳಿದ್ದು ‘ಬಹುದು’, ಅವರು ಹೇಳಿದ್ದು ‘ಬಹುದಿತ್ತು’. ಬಿಡಿಸಿ ಹೇಳುವಂತೆ ಕೇಳಿದೆ. ಆಜ್ಞೆ ತಿಳಿದ ಹತ್ತು ದಿನದೊಳಗೆ ಬಿಷಪ್ಪರಿಗೇ ಬರೆದು ಮರುಪರಿಶೀಲನೆ ಕೋರಬೇಕು. ಅವರು ಒಪ್ಪದಿದ್ದರೆ ಹದಿನೈದು ದಿನದೊಳಗೆ ರೋಮ್‌ಗೆ ಮೇಲ್ಮನವಿ. ಮೊದಲ ಗಡುವು ತಪ್ಪಿದರೆ ಮುಂದಿನ ದಾರಿಯೂ ಮುಚ್ಚಿದಂತೆ.

“ಇದು ನಿಮಗೆ ಆಗ ಗೊತ್ತಿತ್ತೇ?”

“ಗೊತ್ತಿತ್ತು. ಸೆಮಿನರಿಯಲ್ಲಿ ಓದಿದ್ದೆ. ಆ ಹತ್ತು ದಿನದಲ್ಲಿ ಎರಡು ಭಾನುವಾರ ಬಂದವು. ಎರಡರಲ್ಲೂ ಪೀಠದಿಂದ ಹೇಳಿದೆ, ನಾವೆಲ್ಲ ಒಂದೇ ಕುಟುಂಬ, ಈ ಬಾಗಿಲು ಮುಚ್ಚುವುದಿಲ್ಲ ಎಂದು.”

ಹದಿನಾಲ್ಕು ತಿಂಗಳಲ್ಲಿ, ನಾಲ್ಕರಲ್ಲಿ ಒಂದಾದ ಆ ಚರ್ಚಿನಲ್ಲಿ ಪೂಜೆ ನಿಂತು ಬೀಗ ಬಿದ್ದಿತ್ತು.

“ಯಾರೂ ಕೇಳಲಿಲ್ಲವೇ?”

“ಒಬ್ಬರು ಕೇಳಿದರು. ಎಂಬತ್ತು ದಾಟಿದ ಸ್ಲೊವಾಕ್ ಅಜ್ಜಿ. ಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡಿ ತರುತ್ತಿದ್ದರು. ಹನ್ನೆರಡನೆಯ ದಿನ ಕೇಳಿದರು. ಗಡುವು ಮುಗಿಯಿತು ಎಂದೆ. ‘ಹಾಗಾದರೆ ನಿಮಗೆ ಗೊತ್ತಿತ್ತು’ ಎಂದರು. ಅಷ್ಟೇ. ಸಿಟ್ಟು ಮಾಡಲಿಲ್ಲ. ಬಟ್ಟೆಗಳನ್ನು ನನ್ನ ಕೈಗೆ ಕೊಟ್ಟು ಹೋದರು.”

ಇಂಥ ಹೊತ್ತಿನಲ್ಲಿ ‘ಇದು ನಿಮ್ಮ ತಪ್ಪಲ್ಲ’ ಎನ್ನುವುದು ನಮ್ಮ ವೃತ್ತಿಯವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ನಾನು ಹೇಳಲಿಲ್ಲ. ಅಪರಾಧಿ ಭಾವವನ್ನೆಲ್ಲ ಕಾಯಿಲೆಯೆಂದು ನೋಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಕೆಲವೊಮ್ಮೆ ಅದು ಸರಿಯಾಗಿ ಬರೆದ ಲೆಕ್ಕ. ಆದರೆ ಅವರು ಊರಿನವರ ಸಾಲವನ್ನೂ ತಮ್ಮ ಖಾತೆಗೇ ಬರೆದುಕೊಂಡಿದ್ದರು. ಅದನ್ನು ಬಿಡಿಸಿದೆವು. ಸೇರಿಸುವ ತೀರ್ಮಾನ ಬಿಷಪ್ಪರದು. ಕಾರ್ಖಾನೆ ಮುಚ್ಚಿದ್ದು, ಮಕ್ಕಳು ಊರು ಬಿಟ್ಟಿದ್ದು ಯಾರದೂ ಅಲ್ಲ. ಅಧಿಕಾರವಿಲ್ಲದೆ ಕೊಟ್ಟ ಭರವಸೆ, ಆಡಬೇಕಾದಾಗ ಆಡದ ಮಾತು, ಇವೆರಡು ಮಾತ್ರ ಅವರವು.

ಸಲಹೆ ಹೀಗಿತ್ತು. ನಿದ್ದೆಗೆ ವೈದ್ಯರನ್ನು ಕಾಣಿ. ‘ಒಂದೇ ಕುಟುಂಬ’ ಎಂಬ ಮಾತನ್ನು ಒಂದು ವರ್ಷ ಆಡಬೇಡಿ. ಆ ಚರ್ಚಿನವರ ಮನೆಗಳಿಗೆ ಹೋಗಿ ಈ ಎರಡಕ್ಕೆ ಮಾತ್ರ ಕ್ಷಮೆ ಕೇಳಿ. ‘ಆದರೆ’ ಎಂಬ ಪದ ಬೇಡ. ಪ್ರವಚನದಲ್ಲಿ ಕೇಳಬೇಡಿ, ಅಲ್ಲಿ ಎದುರು ಮಾತಾಡುವ ಅವಕಾಶ ಜನರಿಗಿಲ್ಲ. ಹೋಗುವ ಮುನ್ನ ಬಿಷಪ್ಪರಿಗೆ ತಿಳಿಸಿ. ಅನುಮತಿಗಾಗಿ ಅಲ್ಲ, ಬೆನ್ನ ಹಿಂದೆ ಮಾಡಿದಂತಾಗದಿರಲಿ ಎಂದು.

ಸಹೋದ್ಯೋಗಿಯೊಬ್ಬರು ನೇರವಾಗಿಯೇ ಬೈದರು. ಧಾರ್ಮಿಕ ಸೇವೆಯ ವೀಸಾ ಹೆಚ್ಚೆಂದರೆ ಐದು ವರ್ಷ, ಅದೂ ಕರೆಸಿಕೊಂಡವರ ಕೈಯಲ್ಲಿ. ನೀನು ಅವರನ್ನು ಮೇಲಿನವರ ವಿರುದ್ಧ ನಿಲ್ಲಿಸಿದೆ ಎಂದರು. ನನಗೂ ಆ ಭಯವಿತ್ತು, ಅದನ್ನು ಅವರೆದುರು ಹೇಳಿಯೂ ಇದ್ದೆ. ಚರ್ಚಿನ ನಿಯಮವೇ ಜನರಿಗೆ ಕೊಟ್ಟ ಹಕ್ಕನ್ನು ತಿಳಿಸುವುದು ದ್ರೋಹ ಹೇಗಾಗುತ್ತದೆ ಎಂಬುದು ಮಾತ್ರ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮುಚ್ಚಿಟ್ಟರೆ ನೋವು ಬೇಗ ಆರುತ್ತದೆ ಎನ್ನುವವರು ಬಾಸ್ಟನ್ ಬಳಿಯ ಸಿಟುಯೇಟ್ ಪಟ್ಟಣವನ್ನು ನೆನೆಯಲಿ. ಅಲ್ಲಿ 2004ರಲ್ಲಿ ಮುಚ್ಚಿಸಿದ ಚರ್ಚಿನೊಳಗೆ ಜನ ಹಗಲಿರುಳು ಸರದಿಯಲ್ಲಿ ಕುಳಿತರು. ಎದ್ದದ್ದು 2016ರಲ್ಲಿ.

ಅವರು ಹನ್ನೊಂದು ಮನೆಗಳಿಗೆ ಹೋದರು. ಒಂದು ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಒಬ್ಬರು ಕಾಫಿ ಕೊಟ್ಟು, ಹವಾಮಾನದ ಮಾತಾಡಿ ಕಳಿಸಿದರು. ಅಜ್ಜಿಯ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಆಕೆ ಪೂರ್ತಿ ಕೇಳಿಸಿಕೊಂಡು, ಕ್ಷಮಿಸಿದೆ ಎಂದಾಗಲಿ ಇಲ್ಲವೆಂದಾಗಲಿ ಹೇಳದೆ, “ನಾವು ತಿಳಿಯಬೇಕಾದ ತಾರೀಕು ಇನ್ನೂ ಯಾವುದಾದರೂ ಇದೆಯೇ?” ಎಂದು ಕೇಳಿದರಂತೆ.

ಇತ್ತು. ಬೀಗ ಬಿದ್ದಿದ್ದರೂ ಕಟ್ಟಡದ ಆಜ್ಞಾಪತ್ರ ಇನ್ನೂ ಹೊರಟಿರಲಿಲ್ಲ.

ಅದು ಬಂದದ್ದು ನಾಲ್ಕು ತಿಂಗಳ ನಂತರ. ಭಾನುವಾರ ಪೂರ್ತಿ ಓದಿ ಹೇಳಿ, ಹತ್ತನೆಯ ದಿನ ಯಾವುದೆಂದು ಸೂಚನಾ ಫಲಕದಲ್ಲಿ ಬರೆಸಿದರು. ಬಿಷಪ್ಪರ ಕಚೇರಿಯಿಂದ ತಣ್ಣನೆಯ ಕರೆಯೊಂದು ಬಂತು. ಎಂಟನೆಯ ದಿನವೇ ಮನವಿ ಹೋಯಿತು, ತಿರಸ್ಕಾರವಾಯಿತು, ಈಗ ರೋಮ್‌ನಲ್ಲಿದೆ. ಅವರ ವೀಸಾ ಅವಧಿ ಬರುವ ಚಳಿಗಾಲಕ್ಕೆ ಮುಗಿಯುತ್ತದೆ. ಮೂರು ಗಂಟೆಗೆ ಈಗಲೂ ಕೆಲವು ದಿನ ಎಚ್ಚರವಾಗುತ್ತದಂತೆ.