ಮೂರು ಡಬ್ಬಿ ಬರೆದರೆ ಮಾರ್ಕ್ಸ್ ಬರಲ್ಲ

ಪ್ರಶ್ನೆ: ಸರ್, ಮೈಸೂರಿನಲ್ಲಿ ಬಿ.ಎ. ಸೈಕಾಲಜಿ ಓದುತ್ತಿದ್ದೇನೆ. ಅಟ್ಕಿನ್ಸನ್ ಮತ್ತು ಶಿಫ್ರಿನ್ ಅವರ ನೆನಪಿನ ಮಾದರಿಯ ಬಲ, ಮಿತಿ ಬರೆಯಿರಿ ಅಂತ ಕೇಳುತ್ತಾರೆ. ಮೂರು ಡಬ್ಬಿಯ ಚಿತ್ರ ಹಾಕಿ ವಿವರಿಸುತ್ತೇನೆ, ಬರೋದು ಅರ್ಧ ಮಾರ್ಕ್ಸು. ಅಷ್ಟು ಮಿತಿ ಇರೋ ಮಾದರಿಯನ್ನು ಈಗಲೂ ಯಾಕೆ ಓದಿಸುತ್ತಾರೆ?
– ಓದುಗಿ, ಮಂಡ್ಯ

ಉತ್ತರ: ಚಿತ್ರ ಹಾಕಿದರೆ ವಿವರಣೆ ಆಯಿತು. ಕೇಳಿದ್ದು ಅದಲ್ಲವಲ್ಲ. ಮಾದರಿಯ ಪರ ಯಾವ ಸಾಕ್ಷಿ ಇದೆ, ಯಾವುದು ಅದನ್ನು ಅಲುಗಾಡಿಸುತ್ತದೆ, ಅದು ಬೇಕು.

ಬೇರೆ ಓದುಗರಿಗಾಗಿ: 1968ರಲ್ಲಿ ಇವರಿಬ್ಬರು ಹೇಳಿದ್ದು ಇಷ್ಟೇ. ಕಣ್ಣಿಗೆ, ಕಿವಿಗೆ ಬಿದ್ದದ್ದು ಕ್ಷಣ ಹೊತ್ತು ಇರುತ್ತದೆ, ಗಮನ ಕೊಟ್ಟರೆ ಅಲ್ಪಾವಧಿ ನೆನಪಿಗೆ ಬರುತ್ತದೆ, ಅಲ್ಲಿ ಉರು ಹೊಡೆದಷ್ಟೂ ದೀರ್ಘಾವಧಿ ನೆನಪಿಗೆ ಸೇರುತ್ತದೆ.

ಹೆನ್ರಿ ಮೊಲೈಸನ್ ಹೆಸರು ನೋಟ್ಸಿನಲ್ಲಿ ಇದ್ದೇ ಇರುತ್ತದೆ. ಮೂರ್ಛೆರೋಗಕ್ಕೆ ಅಂತ 1953ರಲ್ಲಿ ಮೆದುಳಿನ ಆಪರೇಷನ್ ಆಯಿತು, ಆಮೇಲೆ ಹೊಸ ಸಂಗತಿಗಳು ನೆನಪಲ್ಲಿ ಉಳಿಯಲಿಲ್ಲ, ಆದರೆ ಈಗ ಹೇಳಿದ ಅಂಕಿಗಳನ್ನು ಈಗಲೇ ತಿರುಗಿ ಹೇಳಿ ಅಂದರೆ ಸರಿಯಾಗಿಯೇ ಹೇಳುತ್ತಿದ್ದರು. ಎರಡು ನೆನಪು ಬೇರೆ ಬೇರೆ ಅನ್ನೋದಕ್ಕೆ ಇದು ಗಟ್ಟಿ ಸಾಕ್ಷಿ. ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ಮುಂದಕ್ಕೆ ಹೋಗಿ. ಇದೇ ಮೊಲೈಸನ್ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದನ್ನು ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತರು, ಕಲಿತಿದ್ದೇನೆ ಅನ್ನೋದು ಮಾತ್ರ ಅವರಿಗೆ ಗೊತ್ತಿರಲಿಲ್ಲ! ಅಂದರೆ ದೀರ್ಘಾವಧಿ ನೆನಪು ಅನ್ನೋದೂ ಒಂದೇ ಡಬ್ಬಿಯಲ್ಲ.

1970ರಲ್ಲಿ ಶ್ಯಾಲಿಸ್ ಮತ್ತು ವಾರಿಂಗ್ಟನ್ ವರದಿ ಮಾಡಿದ ಕೆ.ಎಫ್. ಅನ್ನೋ ರೋಗಿ ಇದಕ್ಕೆ ಉಲ್ಟಾ. ಕಿವಿಗೆ ಬಿದ್ದ ಅಂಕಿ ಒಂದೆರಡಕ್ಕಿಂತ ಜಾಸ್ತಿ ನಿಲ್ಲುತ್ತಿರಲಿಲ್ಲ, ಆದರೂ ಹೊಸದನ್ನು ಕಲಿಯುತ್ತಿದ್ದರು. ಮಧ್ಯದ ಹಂತವೇ ಕೆಟ್ಟಿದ್ದರೆ ವಿಷಯ ಆಚೆ ದಾಟಿದ್ದು ಹೇಗೆ?

ಉರು ಹೊಡೆಯೋದಕ್ಕೂ ಅಷ್ಟು ಬೆಲೆ ಬೇಡ. ಚಿಕ್ಕವರಿದ್ದಾಗ ನೋಡಿದ ಜಂಬೂಸವಾರಿಯನ್ನು ಯಾರಾದರೂ ಉರು ಹೊಡೆದಿದ್ದಾರಾ? ಹಾಗಂತ ಮೂಲ ಲೇಖಕರಿಗೆ ಇದು ಹೊಳೆದೇ ಇರಲಿಲ್ಲ ಅನ್ನಬೇಡಿ. ನೆನಪಿಡಲು ನಾವೇ ಮಾಡುವ ಉಪಾಯಗಳ ಬಗ್ಗೆ ಅವರು ಸಾಕಷ್ಟು ಬರೆದಿದ್ದಾರೆ, ಗೈಡುಗಳು ಸುಮ್ನೆ ಡಬ್ಬಿ ಮಾತ್ರ ಉಳಿಸಿಕೊಂಡಿವೆ.

ಯಾಕೆ ಓದಬೇಕು ಅಂದ್ರೆ, ಮುಂದಿನ ಮಾದರಿ ಹುಟ್ಟಿದ್ದೇ ಇದನ್ನು ಪರೀಕ್ಷೆ ಮಾಡಲು ಹೋಗಿ. ಒಂದು ಫೋನ್ ನಂಬರನ್ನು ಮನಸ್ಸಲ್ಲೇ ಹೇಳಿಕೊಳ್ಳುತ್ತಾ, ಸಿಟಿ ಬಸ್‌ಸ್ಟ್ಯಾಂಡಿನಿಂದ ಮಾನಸಗಂಗೋತ್ರಿ ಕ್ಯಾಂಪಸ್ಸಿಗೆ ಹೋಗೋ ದಾರಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಎರಡೂ ಒಟ್ಟಿಗೆ ನಡೆಯುತ್ತವೆ ಅಲ್ವಾ? ಅಲ್ಪಾವಧಿ ನೆನಪು ಒಂದೇ ಆಗಿದ್ದರೆ ಒಂದಕ್ಕೊಂದು ಜಾಸ್ತಿ ಅಡ್ಡ ಬರಬೇಕಿತ್ತು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಜೋಡಿ ಕೆಲಸಗಳನ್ನು ಕೊಟ್ಟು ನೋಡಿ, ಮಾತಿಗೆ ಬೇರೆ, ನೋಟಕ್ಕೆ ಬೇರೆ ಜಾಗ ಇದೆ ಅಂದರು.